ಐದು ಕೋಟು, ಒಂದು ಅಂಗಿ

ನನ್ನ ಮೊದಲ ಮೊಮ್ಮಗಳು ಹುಟ್ಟಿದ ಸುದ್ದಿ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಅದೇ ಮಂಗಳವಾರ ಮಧ್ಯಾಹ್ನ ಐದು ಕೋಟಿನ ಬಟ್ಟೆ ಮದ್ದೂರಿನ ನನ್ನ ಹೊಲಿಗೆ ಅಂಗಡಿಗೆ ಬಂದು ಬಿತ್ತು. ದೇವರು ಎರಡನ್ನೂ ಒಂದೇ ದಿನ ಕೊಟ್ಟ. ಒಂದು ದಿನ ಹಿಂದೆ ಮುಂದೆ ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತೋ!

ಎಪ್ಪತ್ತರ ದಶಕದ ಮಾತು ಇದು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಈಗ ಆ ಮೊಮ್ಮಗಳೇ ಕಾಗದಕ್ಕೆ ಗೆರೆ ಎಳೆದುಕೊಟ್ಟು, "ಬರಿ ತಾತ, ತೆಪ್ಪಾದ್ರೆ ನಾನು ತಿದ್ತೀನಿ" ಎಂದು ಪಕ್ಕದಲ್ಲಿ ಕೂತಿದ್ದಾಳೆ. ಅವಳು ಕೂತಿರುವುದೇ ನನಗೆ ಹಬ್ಬ. ಆದರೂ ಆ ಹನ್ನೊಂದು ದಿನ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಸೊಸೆ ಚೊಚ್ಚಲ ಹೆರಿಗೆಗೆ ತವರಿಗೆ, ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಗೆ, ಹೋಗಿದ್ದಳು. ಬೀಗರು ಬಸ್ಸಿನಲ್ಲಿ ಬರುವವರೊಬ್ಬರ ಕೈಲಿ ಹೇಳಿ ಕಳಿಸಿದ್ದರು: "ಹೆಣ್ಣು ಮಗ. ತಾಯಿ ಮಗ ಸಂದಾಗವ್ರೆ. ಮೂಗು ಮಾತ್ರ ಬೀಗ್ರುದೇ." ನನ್ನ ಮೂಗು! ನಾನು ಮೆಷಿನ್ನು ಬಿಟ್ಟೆದ್ದು ಬೀದಿಯ ಎರಡೂ ಸಾಲಿನ ಅಂಗಡಿಗೆ ಸಕ್ಕರೆ ಹಂಚಿದೆ. ಕಂಡವರಿಗೆಲ್ಲ ಮೂಗು ಮುಟ್ಟಿ ತೋರಿಸಿದೆ.

ನಮ್ಮಲ್ಲಿ ಮಗು ಹುಟ್ಟುವ ಮುಂಚೆ ಅದಕ್ಕೆಂದು ಒಂದು ತುಂಡು ಬಟ್ಟೆಯನ್ನೂ ಹೊಲಿಯುವಂತಿಲ್ಲ. ಹುಟ್ಟಿದ ಮೇಲೂ ಹತ್ತು ದಿನ ಹಳೇ ಪಂಚೆಯ ಚೂರಿನಲ್ಲೇ ಸುತ್ತಿಡಬೇಕು. ಹನ್ನೊಂದನೇ ದಿನ ಪುರುಡು ಕಳೆದು, ಮಗುವನ್ನು ತೊಟ್ಟಿಲಿಗೆ ಹಾಕುವಾಗ, ತಂದೆಯ ಕಡೆಯವರು ತಂದ ಅಂಗಿಯನ್ನು ಮೊದಲು ಹಾಕುತ್ತಾರೆ. ಬೇರೆಯವರಾದರೆ ಅಂಗಡಿಯಿಂದ ಕೊಂಡು ಹೋಗಬಹುದು. ನಾನು ಟೈಲರು. ಮದ್ದೂರಿನ ಅರ್ಧ ಜನದ ಅಂಗಿ ಹೊಲಿದ ಕೈ ಇದು. ನನ್ನ ಮೊಮ್ಮಗಳ ಮೈಗೆ ತಾಕುವ ಮೊದಲ ಹೊಸಬಟ್ಟೆ ಈ ಕೈಯದೇ ಆಗಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಹನ್ನೊಂದನೇ ದಿನ ಮುಂದಿನ ವಾರದ ಶುಕ್ರವಾರಕ್ಕೆ ಬೀಳುತ್ತಿತ್ತು.

ಅಷ್ಟರಲ್ಲಿ ಕಾರು ಬಂತು. ಇಳಿದವರು ಮಂಡ್ಯದ ಒಂದು ಸಂಘದ ಕಾರ್ಯದರ್ಶಿ, ವಕೀಲರು. ಡ್ರೈವರು ನೀಲಿ ಉಣ್ಣೆ ಬಟ್ಟೆಯ ದೊಡ್ಡ ಸುರುಳಿಯನ್ನು ನನ್ನ ಹಲಗೆಯ ಮೇಲಿಟ್ಟ. ವಕೀಲರು ವಿಷಯ ಹೇಳಿದರು. ಬೇರೆ ಬೇರೆ ಕಸುಬಿನ ಐದು ಜನ ನಮ್ಮ ಜಿಲ್ಲೆಯಿಂದ ಯಾವುದೋ ಚಳಿ ದೇಶಕ್ಕೆ ಹೋಗುತ್ತಾರೆ. ಆ ದೇಶದ ಹೆಸರಿಗೆ ಅವತ್ತೂ ನನ್ನ ನಾಲಿಗೆ ಹೊರಳಲಿಲ್ಲ, ಇವತ್ತೂ ಇಲ್ಲ. ಅಲ್ಲಿಯವರ ಮನೆಗಳಲ್ಲೇ ಉಳಿದು, ತಮ್ಮ ಕಸುಬನ್ನು ಅಲ್ಲಿ ಹೇಗೆ ಮಾಡುತ್ತಾರೆಂದು ನೋಡಿ, ನಮ್ಮ ಕಡೆಯ ರೀತಿ ನೀತಿ ಅವರಿಗೆ ಹೇಳಿ ಬರುವುದು. ಮುಂದಿನ ವರ್ಷ ಅಲ್ಲಿಂದ ಐವರು ಇಲ್ಲಿಗೆ ಬರುವುದು. ಹೋಗುವ ಐವರಿಗೂ ಒಂದೇ ಬಣ್ಣದ ಕೋಟು ಬೇಕು.

"ಮುಂದಿನ ವಾರ ಗುರುವಾರ ಮಂಡ್ಯದಲ್ಲಿ ಎಲ್ಲರೂ ಹಾಕಿ ನೋಡಬೇಕು, ಶನಿವಾರ ಬೆಳಿಗ್ಗೆ ಹೊರಡ್ತಾರೆ. ಇವತ್ತೇ ಕತ್ತರಿ ಹಾಕಿಬಿಡು" ಎಂದರು.

ಒಳಗಿನಿಂದ ನನ್ನ ಹೆಂಡತಿ ಕೂಗಿದಳು. "ಮಂಗಳವಾರ ವಸಾ ಬಟ್ಟೆಗೆ ಕತ್ತರಿ ಆಕಿದ್ರೆ ಬೆಂಕಿಗೋ ಕಳ್ರಿಗೋ ವೋಯ್ತದೆ. ವಕೀಲ್ರಿಗೆ ಅಷ್ಟೂ ಗೊತ್ತಿಲ್ವೇನೋ ಕಾಣೆ!"

ವಕೀಲರು ನಕ್ಕು, "ಹಾಗಾದರೆ ನಾಳೆ" ಎಂದು ಹೋದರು. ನಾನು ಲೆಕ್ಕ ಹಾಕಿದೆ. ಬುಧವಾರ ಕತ್ತರಿ, ಮುಂದಿನ ಬುಧವಾರಕ್ಕೆ ಕಾಜ ಗುಂಡಿ, ಗುರುವಾರ ಬೆಳಿಗ್ಗೆ ಮಂಡ್ಯ, ಮಧ್ಯಾಹ್ನ ಬಂದು ಮಗುವಿನ ಅಂಗಿ. ಮೆತ್ತನೆಯ ಬಿಳಿ ಮಲ್ ಬಟ್ಟೆ ತಂದು ಮಡಿಸಿ ಇಟ್ಟೆ. ಬಹಳ ಬುದ್ಧಿವಂತ ನಾನು!

ಕೋಟು ಹೊಲಿಯುವುದಕ್ಕಿಂತ ಕೋಟಿನವರನ್ನು ಹಿಡಿಯುವುದು ಕಷ್ಟ ಎಂದು ಯಾರೂ ನನಗೆ ಹೇಳಿರಲಿಲ್ಲ. ಕಾಲೇಜಿನ ಮೇಷ್ಟ್ರು ಅಳತೆ ಕೊಡಲು ನಿಂತವರು ಭಾಷಣ ಶುರುಮಾಡಿ, ಮಾತಿಗೊಂದು ಸಲ ಕೈ ಎತ್ತುತ್ತಿದ್ದರು. ಎದೆಯ ಸುತ್ತಳತೆ ಮೂರು ಸಲ ತೆಗೆದೆ, ಮೂರು ಸಲವೂ ಬೇರೆ ಬೇರೆ ಬಂತು. ಗೆಜ್ಜಲಗೆರೆಯಲ್ಲಿ ಮನೆ ಮಾಡಿದ್ದ ಇಂಜಿನಿಯರು ನನ್ನ ಟೇಪು ಕಿತ್ತುಕೊಂಡು ತಮ್ಮನ್ನು ತಾವೇ ಅಳೆದುಕೊಂಡರು. ಬ್ಯಾಂಕಿನವರು, ಕೃಷಿ ಇಲಾಖೆಯವರು ಇಬ್ಬರೂ, "ಸ್ವಲ್ಪ ದೊಡ್ಡದಾಗೇ ಇರಲಿ, ಬಂದ ಮೇಲೂ ಹಾಕಬೇಕು" ಎಂದರು. ಆಗಲಿ ಸ್ವಾಮಿ, ಆಗಲಿ ಎಂದು ನಾಲ್ಕೂ ಕತ್ತರಿಸಿದೆ.

ಐದನೆಯವರು ಮಳವಳ್ಳಿಯ ದನದ ಡಾಕ್ಟರು. ಅವರು ಬರಲೇ ಇಲ್ಲ. ಗುರುವಾರ ಬರಲಿಲ್ಲ, ಶುಕ್ರವಾರ ಬರಲಿಲ್ಲ. ಶನಿವಾರ ಬಸ್ ಕಂಡಕ್ಟರ್ ಕೈಲಿ ಚೀಟಿ ಬಂತು. ಡಾಕ್ಟರ ಗೀಚಕ್ಷರ ನನಗೆ ಹತ್ತಲಿಲ್ಲ, ಪಕ್ಕದ ಅಂಗಡಿಯವನು ಓದಿ ಹೇಳಿದ: "ಹಳ್ಳಿಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರ. ಬರಲು ಆಗುವುದಿಲ್ಲ. ಕೊಪ್ಪದಲ್ಲಿರುವ ನನ್ನ ಭಾವಮೈದುನನೂ ನಾನೂ ಒಂದೇ ಅಳತೆ. ಅವನು ಬರುತ್ತಾನೆ."

ಸೋಮವಾರ ಭಾವಮೈದುನ ಬಂದ. ಬಾಗಿಲಿಗೆ ಮೊದಲು ಅವನ ಹೊಟ್ಟೆ ಬಂತು, ಆಮೇಲೆ ಅವನು ಬಂದ.

"ಡಾಕ್ಟ್ರು ನಿನ್ನಂಗೇ ಅವ್ರೇನಪ್ಪಾ?" ಎಂದೆ, ಟೇಪು ಹಿಡಿದುಕೊಂಡೇ.

"ಊ ಕಣಣ್ಣ. ನನ್ ಮದ್ವೇಲಿ ಅವ್ರ ಅಂಗೀನೇ ನಾನಾಕಂಡಿದ್ದು. ಅಚ್ಚು ಇಳಿಸಿದಂಗೆ ಕುಂತಿತ್ತು."

"ಮದ್ವೆ ಆಗಿ ಎಷ್ಟೊರ್ಸ ಆಯ್ತು?"

"ಒಂಬತ್ತೊರ್ಸ ಆಯ್ತು, ಯಾಕೆ?"

ಅಲ್ಲೇ ನನಗೆ ಗೊತ್ತಾಗಬೇಕಿತ್ತು. ಆದರೆ ಮುಂದೆ ಎರಡೇ ದಿನ ಇತ್ತು, ಮಗುವಿನ ಮುಖ ಕಣ್ಣಮುಂದೆ ಆಡುತ್ತಿತ್ತು. ಅವನ ಹೊಟ್ಟೆಯನ್ನೇ ಅಳೆದು ಕತ್ತರಿಸಿಬಿಟ್ಟೆ. ನಲವತ್ತು ವರ್ಷದ ಕಸುಬಿನಲ್ಲಿ ಒಬ್ಬರ ಮೈ ನೋಡಿ ಇನ್ನೊಬ್ಬರಿಗೆ ಹೊಲಿದದ್ದು ಅದೊಂದೇ ಸಲ.

ಗುರುವಾರ ಮಂಡ್ಯಕ್ಕೆ ಐದೂ ಕೋಟು ಹೊತ್ತುಕೊಂಡು ಹೋದೆ. ಅಲ್ಲಿ ಡಾಕ್ಟರನ್ನು ಮೊದಲ ಸಲ ಕಂಡೆ. ಕಬ್ಬಿನ ಜಲ್ಲೆಯಂಥ ಆಳು! ಕೋಟು ಹಾಕಿದರೆ ಬೆದರುಗೊಂಬೆಗೆ ತೊಡಿಸಿದ ಹಾಗೆ ಹೊಟ್ಟೆಯ ಮುಂದೆ ಜೋಲಾಡಿತು. ಬಲಗೈ ಮಾತ್ರ ತೋಳಿನಿಂದ ಬೆರಳಗಲ ಹೊರಗಿತ್ತು. ಉಳಿದ ನಾಲ್ವರು ಬಾಯಿಗೆ ಕೈ ಅಡ್ಡ ಹಿಡಿದರು. ಡಾಕ್ಟರು ಪಾಪ ನೆಲ ನೋಡಿದರು.

ವಕೀಲರು ನನ್ನ ಮೇಲೆ ಹಾರಿದರು. "ಏನಯ್ಯಾ ಇದು? ಜಿಲ್ಲೆಯ ಮರ್ಯಾದೆ ಪ್ರಶ್ನೆ! ನಾಳೆ ಸಾಯಂಕಾಲದೊಳಗೆ ಸರಿ ಮಾಡಿ ತಂದುಕೊಡು."

"ನಾಳೆ ಆಗಕಿಲ್ಲ ಸ್ವಾಮಿ. ನಾಳೆ ಪೂರಿಗಾಲೀಲಿ ನಮ್ ಮೊಮ್ಮಗಳ ತೊಟ್ಲು."

"ತೊಟ್ಟಿಲು ಇನ್ನೊಂದು ದಿನ ಹಾಕಿಕೊಳ್ಳಿ. ವಿಮಾನ ನಿಲ್ಲುತ್ತದೇನು?"

"ಅನ್ನೊಂದ್ನೇ ದಿನಾನೂ ನಿಲ್ಲಕಿಲ್ಲ ಸ್ವಾಮಿ" ಎಂದೆ. ಜೀವಮಾನದಲ್ಲಿ ವಕೀಲರಿಗೆ ಎದುರು ಮಾತಾಡಿದವನಲ್ಲ. ಕೋಟು ಮಡಿಸಿ ಚೀಲಕ್ಕೆ ತುರುಕಿ ಡಾಕ್ಟರ ಕಡೆ ತಿರುಗಿದೆ. "ಡಾಕ್ಟ್ರೇ, ನಿಮ್ಗೆ ಕೋಟು ಬೇಕಾದ್ರೆ ನಾಳೆ ಪೂರಿಗಾಲಿಗೆ ಬನ್ನಿ. ಮೈ ಮಾತ್ರ ನಿಮ್ದೇ ತನ್ನಿ. ಬಾಮೈದನ್ನ ಕಳಿಸ್ಬೇಡಿ."

ಮದ್ದೂರಿಗೆ ಬರುವ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು, ಕರೆಂಟು ಇಲ್ಲ. ಬೆಳಿಗ್ಗೆ ಮೊದಲ ಬಸ್ಸು ತಪ್ಪಿದರೆ ಮುಹೂರ್ತ ತಪ್ಪುತ್ತದೆ. ಬಿಳಿ ಮಲ್ ಬಟ್ಟೆ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಪೂರಿಗಾಲಿಯಲ್ಲೇ ಕೂತು ಕೈಯಲ್ಲಿ ಹೊಲಿಯೋಣವೆಂದರೆ, ಶುಕ್ರವಾರದ ಗಡಿಬಿಡಿಯಲ್ಲಿ ಅದನ್ನು ಚೀಲಕ್ಕೆ ಹಾಕುವುದನ್ನೂ ಮರೆತೆ. ಬಸ್ಸು ಮಳವಳ್ಳಿ ದಾಟಿದ ಮೇಲೆ ಚೀಲ ತಡಕಿ ನೋಡಿದರೆ ಡಾಕ್ಟರ ಕೋಟು, ಸೂಜಿ ದಾರ, ಕತ್ತರಿ. ಅಷ್ಟೇ.

"ಅಯ್ಯೋ ಮಾರಾಯ, ಊರೋರ್ಗೆಲ್ಲ ವಲ್ದು ಮೊಮ್ಮಗೀಗೆ ಬರೀ ಕೈಯ?" ಎಂದಳು ಹೆಂಡತಿ. ನನಗೆ ಅಳು ಬಂತು. ಕಿಟಕಿಯ ಕಡೆ ತಿರುಗಿ ಕೂತೆ.

ಬೀಗಿತ್ತಿ ಬಾಗಿಲಲ್ಲೇ ಹಿಡಿದಳು. "ಎಲ್ಲಿ ಬೀಗ್ರೇ, ಟೈಲರ್ ತಾತನ ಅಂಗಿ? ಸರಿಗೆ ಗಿರಿಗೆ ಆಕಿ ವಲ್ದಿರ್ಬೇಕು, ತಗೀರಿ ನೋಡವ." ಒಳಗಿದ್ದ ಹೆಂಗಸರೆಲ್ಲ ಗೊಳ್ಳೆಂದರು. ನಾನು ನೇರ ಮಗುವಿನ ಹತ್ತಿರ ಹೋದೆ. ಹಳೇ ಪಂಚೆಯೊಳಗೆ ಕೆಂಪಗೆ, ಮುಷ್ಟಿ ಬಿಗಿದುಕೊಂಡು ಮಲಗಿದ್ದಳು. ಮೂಗು ನನ್ನದೇ. ಸುಳ್ಳಲ್ಲ. ಆ ಹತ್ತು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಎತ್ತಿಕೊಂಡವನು ಬಹಳ ಹೊತ್ತು ಕೆಳಗೆ ಇಳಿಸಲಿಲ್ಲ.

ಅಷ್ಟು ಹೊತ್ತಿಗೆ ಬೀದಿಯಲ್ಲಿ ಮೋಟರ್ ಸೈಕಲ್ ಸದ್ದು. ಸಿಟ್ಟು ತಿರುಗಿ ಬಂತು. ಡಾಕ್ಟರು! ಪ್ಯಾಂಟು ಮೊಣಕಾಲವರೆಗೆ ಮಡಿಸಿ, ಕೆಸರು ಮೆತ್ತಿಕೊಂಡು ಬಂದಿದ್ದರು.

"ತಪ್ಪಾಯ್ತು ಕಣಯ್ಯಾ. ದಾರೀಲಿ ಒಂದು ಹಸ ಈಯೋದಕ್ಕೆ ಕಷ್ಟಪಡ್ತಿತ್ತು. ಬಿಟ್ಟು ಬರೋಕಾಗ್ಲಿಲ್ಲ" ಎಂದು ಬಾವಿಕಟ್ಟೆಗೆ ಹೋಗಿ ಭುಜದವರೆಗೂ ಸೋಪು ಹಚ್ಚಿ ತೊಳೆದರು.

ಜಗುಲಿಯ ಮೇಲೆ ನಿಲ್ಲಿಸಿ ಟೇಪು ಹಿಡಿದೆ. ಎಡಗೈ ಅಳೆದೆ, ಬಲಗೈ ಅಳೆದೆ, ಮತ್ತೆ ಅಳೆದೆ. ಬಲಗೈ ಮುಕ್ಕಾಲು ಇಂಚು ಉದ್ದ. ಬಲಭುಜ ಎಡಕ್ಕಿಂತ ದಪ್ಪ, ಸ್ವಲ್ಪ ಕೆಳಗೆ ಜಾರಿತ್ತು.

"ಇದೇನು ಡಾಕ್ಟ್ರೇ?"

"ಕರು ಒಳಗೆ ಅಡ್ಡ ಸಿಕ್ಕಿಕೊಂಡಾಗ ಈ ಕೈಯೇ ಹಾಕಿ ಎಳೆಯೋದು. ಹನ್ನೆರಡು ವರ್ಷ ಆಯ್ತಲ್ಲ" ಎಂದರು, ನಾಚಿಕೊಂಡು.

ನನ್ನ ಕೈ ನೋಡಿಕೊಂಡೆ. ಕತ್ತರಿ ಹಿಡಿಯುವ ಹೆಬ್ಬೆರಳು ನನಗೂ ಒಂದು ಕಡೆಗೆ ತಿರುಚಿಕೊಂಡಿದೆ. ಇಂಥ ಮೈಗೆ ಕೊಪ್ಪದವನ ಹೊಟ್ಟೆ ಹೇಗೆ ಹೊಂದೀತು? ಬೈಯಬೇಕೆಂದು ಹತ್ತು ದಿನದಿಂದ ಕೂಡಿಟ್ಟಿದ್ದ ಮಾತೆಲ್ಲ ಬೇಡವೆನಿಸಿತು. ಆದರೂ ಒಂದು ಬಿಟ್ಟೆ. "ಮೊದ್ಲೇ ಬಂದು ಈ ಕೈ ತೋರ್ಸಿದ್ರೆ ನಿಮ್ಮ ಗಂಟೇನ್ ಓಯ್ತಿತ್ತು?"

ಕೂತು ಹೊಲಿಗೆ ಬಿಚ್ಚಿದೆ. ತೋಳಿನ ಒಳಮಡಿಕೆ ಬಿಟ್ಟು ಉದ್ದ ಮಾಡಿದೆ. ಮುಂಭಾಗ ಎರಡೂ ಕಡೆ ಒಳಕ್ಕೆ ತೆಗೆದುಕೊಂಡೆ. ಆಗ ಒಳಗಿನ ಲೈನಿಂಗು ಬಟ್ಟೆ ಧಾರಾಳವಾಗಿ ಹೊರಗೆ ಬಂತು. ನವಿಲಿನ ಕತ್ತಿನ ಬಣ್ಣ, ಬೆಣ್ಣೆಯಂತೆ ನುಣುಪು. ಕತ್ತರಿಸಿ ಎತ್ತಿ ಹಿಡಿದೆ. ಎರಡೂ ತುಂಡು ಸೇರಿಸಿದರೆ ಒಂದು ಗೇಣು ಅಗಲ, ಒಂದೂಕಾಲು ಗೇಣು ಉದ್ದ. ಮಗುವಿನ ಕಡೆ ನೋಡಿದೆ.

"ಡಾಕ್ಟ್ರೇ, ನಿಮ್ ಬಾಮೈದನ ವಟ್ಟೆ ನಂಗೆ ಕೊಡ್ತೀರಾ?"

ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಕ್ಕು ನಕ್ಕು ಜಗುಲಿಯ ಕಂಬ ಹಿಡಿದುಕೊಂಡರು. "ಪೂರ್ತಿ ತಗೋ" ಎಂದರು.

ಕೋಟು ಮುಗಿಸಲು ಇನ್ನೂ ಅರ್ಧ ಬಾಕಿ ಇತ್ತು. ಬದಿಗಿಟ್ಟೆ. ಮೊದಲು ಅಂಗಿ. ಎರಡು ತೋಳು, ಬೆನ್ನಿಗೆ ಎರಡು ಲಾಡಿ, ಒಳಗೆ ಚುಚ್ಚದ ಹಾಗೆ ಹೊಲಿಗೆಯೆಲ್ಲ ಹೊರಕ್ಕೆ. ಮಗುವಿಗೆ ಹೊಲಿಗೆ ಹೊರಗೇ ಇರಬೇಕು. ಡಾಕ್ಟರು ಅಲ್ಲಿಯವರೆಗೆ ಸುಮ್ಮನೆ ಕೂತು ಬೀಗಿತ್ತಿ ಕೊಟ್ಟ ಕಡುಬು ತಿಂದರು. ಗಡಿಯಾರ ನೋಡಲಿಲ್ಲ. ಹೆಂಗಸರು ಸೋಬಾನೆ ಹೇಳಿ ಮಗುವಿಗೆ ಅಂಗಿ ತೊಡಿಸಿದರು. ತೊಡಿಸಿದ ಐದು ನಿಮಿಷಕ್ಕೆ ನನ್ನ ಮೊಮ್ಮಗಳು ಅದನ್ನು ಒದ್ದೆ ಮಾಡಿದಳು.

"ಬೀಗ್ರ ವಲಿಗೆಗೆ ಮೊದಲ್ನೇ ಬಹುಮಾನ!" ಎಂದಳು ಬೀಗಿತ್ತಿ.

ಆಮೇಲೆ ಕೋಟು ಮುಗಿಸಿ, ಇಸ್ತ್ರಿ ಪೆಟ್ಟಿಗೆ ಇಲ್ಲದೆ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಉಜ್ಜಿ ಕೊಟ್ಟೆ. ಡಾಕ್ಟರು ಹಾಕಿಕೊಂಡು ಎರಡೂ ಕೈ ಮುಂದೆ ಚಾಚಿದರು. ಎರಡು ತೋಳೂ ಸಮ. ಅಂಥ ಕೋಟು ನಾನು ಮತ್ತೆ ಹೊಲಿಯಲಿಲ್ಲ. ಮಂಡ್ಯದ ವಕೀಲರು ಅದನ್ನು ನೋಡಬೇಕಿತ್ತು, ಅವರ ಮುಖ ನಾನು ನೋಡಬೇಕಿತ್ತು. ಎರಡೂ ಆಗಲಿಲ್ಲ.

ಎರಡು ತಿಂಗಳ ಮೇಲೆ ಡಾಕ್ಟರು ಫೋಟೋ ತಂದು ಕೊಟ್ಟರು. ಐವರೂ ಹಿಮದಲ್ಲಿ ನಿಂತಿದ್ದಾರೆ. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ನನ್ನ ಕೋಟು ಒಂದೂ ಇಲ್ಲ! ಕತ್ತಿನಿಂದ ಪಾದದವರೆಗೆ ಕಪ್ಪು ನಿಲುವಂಗಿ.

"ಚಳಿ ತಡೆಯೋಕಾಗ್ಲಿಲ್ಲ ಕಣಯ್ಯಾ, ಅಲ್ಲಿಯವರು ಮೇಲೊಂದು ಕೊಟ್ರು. ನಿನ್ನದು ಒಳಗಿದೆ" ಎಂದರು.

ಒಳಗಿದೆಯಂತೆ! ಹನ್ನೊಂದು ದಿನ ಬೆನ್ನು ಮುರಿದು ಹೊಲಿದದ್ದು ಒಳಗಿದೆಯಂತೆ!

ಇಷ್ಟನ್ನು ಬರೆದು ಓದಿ ಹೇಳಿದರೆ ಮೊಮ್ಮಗಳು ಒಳಗೆದ್ದು ಹೋದಳು. ಅಜ್ಜಿಯ ಪೆಟ್ಟಿಗೆ ಕೆದಕಿ, ಆ ಅಂಗಿಯನ್ನು ತಂದು ಎದೆಗೆ ಹಿಡಿದುಕೊಂಡು ನಿಂತಿದ್ದಾಳೆ. ಅಂಗೈ ಅಗಲ ಕಾಣುತ್ತದೆ ಈಗ. ಬಣ್ಣ ಮಾತ್ರ ಮಾಸಿಲ್ಲ.

"ತಾತ, ವಲ್ಗೆ ಎಲ್ಲಾ ವರ್ಗಡೆ ಅದೆ, ತಿರುಗ್ಸಿ ವಲ್ದಿದ್ದೀಯ ನೀನು" ಎನ್ನುತ್ತಿದ್ದಾಳೆ. ಮಗುವಿಗೆ ಹೊಲಿಗೆ ಯಾಕೆ ಹೊರಗೆ ಎಂದು ಇವಳಿಗೆ ಇನ್ನೊಂದು ಸಲ ಹೇಳಬೇಕು ಇನ್ನು.