ಎಲೆಗೆ ಅಡ್ಡ ಹಿಡಿದ ಕೈ

ನನ್ನ ಮೊಮ್ಮಗಳು ವಿಮಾನದಲ್ಲಿ ಕೆಲಸ ಮಾಡುತ್ತಾಳೆ. ಗಗನಸಖಿ ಅನ್ನುತ್ತಾರಂತೆ. ನನಗೆ ಆ ಹೆಸರು ಸೇರುವುದಿಲ್ಲ. ದುಡಿಯಲು ಹೋಗುವವಳಿಗೆ ಸಖಿ ಗಿಖಿ ಯಾಕೆ? ಹತ್ತಿದವರನ್ನು ಕೂರಿಸಿ, ಬೆಲ್ಟು ಹಾಕಿಸಿ, ಊಟ ಕೊಟ್ಟು, ಕ್ಷೇಮವಾಗಿ ಇಳಿಸುವ ಕೆಲಸ. ಅದು ಅವಳಿಗೆ ಸಿಕ್ಕಿದ್ದು ಹೇಗೆ ಅಂತ ಬರೆಯುತ್ತೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದದ್ದು ಸೊಟ್ಟಗಿದ್ದರೆ ನೀವೇ ನೆಟ್ಟಗೆ ಓದಿಕೊಳ್ಳಿ.

ನಮ್ಮ ಊರು ಹೊಸನಗರದಿಂದ ಹುಂಚಕ್ಕೆ ಹೋಗುವ ದಾರಿಯಲ್ಲಿದೆ. ಹುಡುಗಿ ತೀರ್ಥಹಳ್ಳಿಯಲ್ಲಿ ಡಿಗ್ರಿ ಮುಗಿಸಿದವಳೇ ಈ ಕೆಲಸವೇ ಬೇಕು ಅಂತ ಹಠ ಹಿಡಿದಳು. ಎರಡು ಸಲ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿ ಎರಡು ಸಲವೂ ಬರಿಗೈಯಲ್ಲಿ ಬಂದಳು. ಎತ್ತರ ಇದೆ, ಹಲ್ಲು ಸರಿಯಾಗಿದೆ, ಇಂಗ್ಲಿಷೂ ಬರುತ್ತದೆ. ಆದರೆ ಎದುರಿಗೆ ನಾಲ್ಕು ಜನ ಕೂತು ಮುಖ ನೋಡಿದರೆ ಇವಳ ಬಾಯಿ ಕಟ್ಟಿಹೋಗುತ್ತದೆ. ಎರಡನೇ ಸಲ ವಾಪಸು ಬಂದಾಗ ನನ್ನ ಮಗ, ಅಂದರೆ ಅವಳ ಅಪ್ಪ, ಊಟಕ್ಕೆ ಕೂತಲ್ಲೇ ಹೇಳಿದ:

"ಇನ್ನೊಂದ್ಸಲ ಹೋಗ್ ಬಾ. ಆಗ್ಲಿಲ್ಲ ಅಂದ್ರೆ ಸಾಗರದ ಬಟ್ಟೆ ಅಂಗಡಿಗೆ ಸೇರ್ಕೋ. ಅವ್ರು ನಾಳೆನೇ ಬಾ ಅಂತಿದಾರೆ."

ಹುಡುಗಿ ಅನ್ನ ಬಿಟ್ಟು ಎದ್ದು ಹೋದಳು. ಬಟ್ಟೆ ಅಂಗಡಿ ಕೆಲಸ ಕೀಳು ಅಂತಲ್ಲ. ಅವಳಿಗೆ ಬೇಕಾದದ್ದು ಅದಲ್ಲ, ಅಷ್ಟೇ. ಆ ಅನ್ನವನ್ನು ನಾನು ನಾಯಿಗೆ ಹಾಕಿದೆ.

ಮಾರನೇ ದಿನ ಹಾಲಿನ ಡೈರಿಯಲ್ಲಿ ನನ್ನ ವಾರಗಿತ್ತಿ ಸಿಕ್ಕಿದಳು. ಮೈದುನನ ಹೆಂಡತಿ, ಮೇಲಿನ ಮನೆಯವಳು. ನಾಲಿಗೆಯಲ್ಲಿ ನನಗಿಂತ ಒಂದು ಕೈ ಮೇಲೆ.

"ಅಲ್ಲ ಅಕ್ಕಾ, ಹಾರೋ ಬಸ್ಸಲ್ಲಿ ಎಂಜ್ಲು ತಟ್ಟೆ ಎತ್ತಕ್ಕೆ ಡಿಗ್ರಿ ಬೇರೆ ಓದ್ಬೇಕಾ?"

"ನಿನ್ನ ಮಗಳ ಮದ್ವೇಲಿ ಎಂಜ್ಲೆಲೆ ಎತ್ತಿದ್ದು ನಾನೇ ಕಣೇ. ಕೈ ಉದ್ರಿ ಬಿತ್ತಾ? ನೋಡು, ಇನ್ನೂ ಇದೆ" ಅಂತ ಎರಡೂ ಕೈ ಅವಳ ಮೂಗಿನ ಹತ್ತಿರ ಹಿಡಿದೆ.

ಮನೆಗೆ ಬಂದು ಹುಡುಗಿಯನ್ನು ಎಬ್ಬಿಸಿದೆ. ಅತ್ತರೆ ಬಾಯಿ ಬಿಡುತ್ತದೆಯೇ? ಆಡಿ ಆಡಿಯೇ ಬಿಡಬೇಕು. ಅವತ್ತಿನಿಂದ ನಮ್ಮ ಜಗುಲಿಯೇ ವಿಮಾನ. ಹಳೇ ಟೀವಿ ಇಡುತ್ತಿದ್ದ ಗಾಲಿ ಸ್ಟ್ಯಾಂಡೇ ಊಟದ ಗಾಡಿ. ಅದರ ಒಂದು ಗಾಲಿ ಕಿರುಗುಟ್ಟುತ್ತಿತ್ತು, ಕೊಬ್ಬರಿ ಎಣ್ಣೆ ಬಿಟ್ಟೆ. ವಿಮಾನದಲ್ಲಿ ತುದಿಗಾಲಲ್ಲಿ ನಿಂತು ತಲೆ ಮೇಲಿನ ಸಾಮಾನು ಪೆಟ್ಟಿಗೆಯ ಬಾಗಿಲು ಮುಟ್ಟಬೇಕಂತೆ. ಅದಕ್ಕೆ ಬಚ್ಚಲ ಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ ಎಳೆದುಕೊಂಡಿದ್ದಳು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಪ್ಯಾಸೆಂಜರು.

"ಮೇಡಂ, ಜ್ಯೂಸ್ ತಗೋತೀರಾ?"

"ಬೇಡ."

"ಓಕೆ ಮೇಡಂ" ಅಂತ ಗಾಡಿ ತಳ್ಳಿಕೊಂಡು ಹೊರಟೇ ಬಿಟ್ಟಳು.

"ಏ, ನಿಲ್ಲೇ! ಒಂದ್ಸಲ ಬೇಡ ಅಂದ್ರೆ ಹೋಗೇಬಿಡದಾ? ನಿಂಗೆ ಕೊಡೋ ಮನ್ಸೇ ಇಲ್ಲ."

"ಅಜ್ಜೀ, ಅದು ವಿಮಾನ. ಮದ್ವೆ ಪಂಕ್ತಿ ಅಲ್ಲ."

"ಕೂತವ್ರು ಜನ ತಾನೆ? ಇನ್ನೊಂದ್ಸಲ ಕೇಳು."

ನಮ್ಮ ಕಡೆ ಒಂದೇ ಮಾತಿಗೆ ಹೂಂ ಅನ್ನುವವರಿಲ್ಲ. ಹೋಳಿಗೆ ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಹಿಡಿದ ಕೈಯ ಸಂದಿಯಲ್ಲೇ ಒಂದು ಹೋಳಿಗೆ ಜಾರಿಸಬೇಕು. ಜಾರಿಸದೆ ಮುಂದೆ ಹೋದರೆ ಆ ಮನೆಯಲ್ಲಿ ಬಡಿಸಲು ಕೈ ಬರುವುದಿಲ್ಲ ಅಂತ ವರ್ಷವೆಲ್ಲ ಆಡಿಕೊಳ್ಳುತ್ತಾರೆ. ಹುಡುಗಿಗೆ ಸಣ್ಣವಳಿದ್ದಾಗಲೇ ಈ ವಿದ್ಯೆ ಕಲಿಸಿದ್ದೆ. ಜಗುಲಿಯ ಮೇಲೆ ಅದನ್ನೇ ಮತ್ತೆ ತಿದ್ದಿದೆ. ಬಾಯಿ ಸ್ವಲ್ಪ ಬಿಟ್ಟಿತು. ನನ್ನ ಹತ್ತಿರ ಜಗಳ ಆಡುವಷ್ಟು ಬಿಟ್ಟಿತು.

ಮೂರನೇ ಇಂಟರ್‌ವ್ಯೂ ಮಂಗಳೂರಿನಲ್ಲಿ, ಒಂದು ದೊಡ್ಡ ಹೋಟೆಲಿನಲ್ಲಿ. ಮಗ ಬರುವುದಿಲ್ಲ ಅಂದ, ಸೊಸೆಗೆ ರಜೆ ಇಲ್ಲ. ನಾನೇ ಹೊರಟೆ. ಹಿಂದಿನ ದಿನದ ಬಸ್ಸು ಮಾಸ್ತಿಕಟ್ಟೆ ದಾಟಿ ಘಾಟಿ ಇಳಿಯುವಾಗ ಹಿಂದಿನ ಸೀಟಿನವರೆಲ್ಲ ನಿಂಬೆಹಣ್ಣು ಮೂಸುತ್ತಿದ್ದರು. ಇವಳು ಮಾತ್ರ ಕಿಟಕಿ ಗಾಜಿಗೆ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದಳು. ರಾತ್ರಿ ನೆಂಟರ ಮನೆಯಲ್ಲಿ ಉಳಿದೆವು.

ಬೆಳಿಗ್ಗೆ ಹೋಟೆಲಿಗೆ ಹೋದರೆ ಬಂದ ಹುಡುಗಿಯರೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದರು. ಎಲ್ಲರಿಗೂ ಗಟ್ಟಿ ತುರುಬು, ಕೆಂಪು ತುಟಿ. ನಮ್ಮವಳೂ ಹಾಗೇ ಇದ್ದಳು. ಒಳಗೆ ಕರೆದರು. ನಾನು ಹೊರಗೆ ಮೆತ್ತನೆ ಸೋಫಾದಲ್ಲಿ ಕೂತೆ. ಒಬ್ಬ ಹುಡುಗಿ ಅಳುತ್ತಾ ಬಂದಳು, ಆಮೇಲೆ ಇನ್ನೊಬ್ಬಳು. ನಮ್ಮವಳು ಬರಲೇ ಇಲ್ಲ. ಬೇಗ ಬರದಿದ್ದರೆ ಒಳ್ಳೆಯದು ಅಂತ ಅಷ್ಟು ಹೊತ್ತಿಗೆ ನನಗೂ ಅರ್ಥವಾಗಿತ್ತು. ಮಧ್ಯಾಹ್ನ ತಿರುಗಿದ ಮೇಲೆ ಬಂದಳು. ಮುಖ ಬಿಳುಚಿಕೊಂಡಿತ್ತು.

"ಹೋಯ್ತು ಅಜ್ಜಿ. ನೀರು ಚೆಲ್ದೆ."

"ಎಲ್ಲಿ?"

"ಮೇಡಂ ಕೈ ಮೇಲೆ."

ಆಗಿದ್ದು ಇಷ್ಟು. ಕೊನೆಯ ಸುತ್ತಿನಲ್ಲಿ ಆಯ್ಕೆ ಮಾಡುವ ಹೆಂಗಸೇ ಪ್ಯಾಸೆಂಜರ್ ಆಗಿ ಕೂತಿದ್ದರಂತೆ. ಇವಳು ನೀರಿನ ಜಗ್ಗು ಹಿಡಿದು ಕೇಳಿದ್ದಾಳೆ. ಆಕೆ ಬೇಡ ಅಂತ ಲೋಟದ ಮೇಲೆ ಕೈ ಅಡ್ಡ ಇಟ್ಟರು. ಅಡ್ಡ ಬಂದ ಕೈ ಕಂಡದ್ದೇ ತಡ, ಇವಳ ಕೈ ತಾನಾಗಿ ಬಗ್ಗಿದೆ! ಬೆರಳ ಸಂದಿಯಲ್ಲಿ ಹೋಳಿಗೆ ಜಾರಿಸಬಹುದು, ನೀರು ಹೊಯ್ಯಲು ಆಗುತ್ತದೆಯೇ? ಆಕೆಯ ಕೈ, ಗಡಿಯಾರ, ಮೇಜು ಎಲ್ಲ ಒದ್ದೆ.

"ಆಮೇಲೆ? ಬಾಯಿ ಕಟ್ಕೊಂಡು ನಿಂತ್ಯಾ?"

"ಇಲ್ಲಪ್ಪ. ಸಾರಿ ಕೇಳಿ ಒರ್ಸ್ದೆ. ಯಾಕ್ ಹಂಗ್ ಮಾಡ್ದೆ ಅಂತ ಕೇಳಿದ್ರು. ನಮ್ಮೂರಲ್ಲಿ ಕೈ ಅಡ್ಡ ಹಿಡಿದ್ರೆ ಇನ್ನೂ ಬೇಕು ಅಂತ ಅರ್ಥ ಅಂದೆ. ಹೋಳಿಗೆ ಕಥೆ ಪೂರಾ ಹೇಳ್ದೆ. ಅವ್ರು ನಗಾಡಿದ್ರು. ಆದ್ರೆ ವಿಮಾನದಲ್ಲಿ ಬೇಡ ಅಂದ್ರೆ ಬೇಡಾನೇ, ಜನ ಮಲಗಿರ್ತಾರೆ, ಕಾಯ್ಲೆಯವ್ರು ಇರ್ತಾರೆ ಅಂದ್ರು. ಸರಿ ಮೇಡಂ, ಇನ್ಮೇಲೆ ಬೇಡ ಅಂದವ್ರ ಮುಖ ನೋಡ್ಕೊಂಡು ಹೋಗ್ತೀನಿ, ಕರೆದ್ರೆ ಬರ್ತೀನಿ ಅಂದೆ."

"ಇಷ್ಟೆಲ್ಲ ಇಂಗ್ಲಿಷಲ್ಲೇ ಹೇಳಿದ್ಯಾ?"

"ಹ್ಞೂಂ."

ನಾನು ಸೋಫಾದಿಂದ ಎದ್ದೆ. "ಕೆಲ್ಸ ಸಿಗ್ಲಿ ಬಿಡ್ಲಿ, ಬಾಯಿ ಬಂತಲ್ಲ. ನಡಿ, ಹಸಿವಾಗ್ತಿದೆ."

ಊರಿಗೆ ಬಂದು ಕೆಲವು ದಿನ ಫೋನ್ ಸುಮ್ಮನೇ ಬಿದ್ದಿತ್ತು. ಮಗ ಸಾಗರದ ಅಂಗಡಿಯ ಮಾತು ಮತ್ತೆ ತೆಗೆದ. ಆ ವಾರವೇ ಒಂದು ಮಧ್ಯಾಹ್ನ ನಾನೂ ಅವಳೂ ಹಲಸಿನಕಾಯಿ ಕೊಚ್ಚುತ್ತಾ ಕೂತಿದ್ದಾಗ ಫೋನ್ ಬಡಿದುಕೊಂಡಿತು. ಇಬ್ಬರ ಕೈಗೂ ಮೇಣ. ಹುಡುಗಿ ಗಾಬರಿಯಲ್ಲಿ ಕೈ ಎತ್ತಿ ನಿಂತಳು. ನಾನೇ ಬಗ್ಗಿ ಮೂಗಿನಿಂದ ಒತ್ತಿದೆ. ಒಳಗಿಂದ ಇಂಗ್ಲಿಷು ಬಂತು. ಅವಳು ಎಸ್ ಮೇಡಂ, ಎಸ್ ಮೇಡಂ ಅಂದಳು. ಆಮೇಲೆ ಮೇಣದ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ಒಳ್ಳೆಯ ಸೀರೆ, ಹಾಳಾಯಿತು. ಬೈದೆ.

ನೀರು ಚೆಲ್ಲಿದ್ದಕ್ಕೆ ತಗೊಂಡರೋ, ಚೆಲ್ಲಿದರೂ ತಗೊಂಡರೋ, ನನಗೆ ಗೊತ್ತಿಲ್ಲ. ಕೈಯ ಮೇಣವನ್ನು ಪೂರ್ತಿ ಒರೆಸದೆ ಡೈರಿಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ ಹೇಳಿ ಬಂದೆ.

ಅವಳು ಟ್ರೈನಿಂಗ್ ಮುಗಿಸಿ ಮೊದಲ ರಜೆಗೆ ಬಂದಾಗ ಮೇಲಿನ ಮನೆಯಲ್ಲಿ ನಾಮಕರಣದ ಊಟ ಇತ್ತು. ಹುಡುಗಿ ಸೆರಗು ಸಿಕ್ಕಿಸಿಕೊಂಡು ಹೋಳಿಗೆ ಬಡಿಸಲು ಇಳಿದಳು. ಮೊದಲಿನ ಹಾಗಲ್ಲ, ಬೆನ್ನು ನೆಟ್ಟಗೆ, ಒಬ್ಬೊಬ್ಬರ ಮುಖ ನೋಡಿ ಒಂದು ನಗು. ನೋಡಲು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಸಾಲಿನ ಕೊನೆಗೆ ನನ್ನ ವಾರಗಿತ್ತಿ ಕೂತಿದ್ದಳು. ರೂಢಿಯಂತೆ ಎರಡೂ ಕೈ ಎಲೆಗೆ ಅಡ್ಡ ಹಿಡಿದು "ಅಯ್ಯೋ ಬೇಡ, ಬೇಡ್ವೇ ಬೇಡ" ಅಂದಳು.

"ಸರಿ ಚಿಕ್ಕಜ್ಜಿ" ಅಂತ ಹುಡುಗಿ ನಕ್ಕು ಮುಂದೆ ಹೋದಳು.

ವಾರಗಿತ್ತಿಯ ಕೈ ಎಲೆಯ ಮೇಲೇ ಉಳಿಯಿತು. "ಅಕ್ಕಾ! ನಿನ್ನ ಮೊಮ್ಮಗ್ಳು ಹೋಗೇಬಿಟ್ಳಲ್ಲೇ!"

"ಬೇಡ ಅಂದವ್ರಿಗೆ ಅವ್ಳು ಹಾಕಲ್ಲ. ಅದು ಅವ್ಳ ಕೆಲ್ಸದ ರೂಲ್ಸು" ಅಂದೆ. ಆಮೇಲೆ ನಾನೇ ಎದ್ದು ಹೋಗಿ ಅವಳ ಕೈಯ ಸಂದಿಯಲ್ಲಿ ಎರಡು ಜಾರಿಸಿದೆ.