ಎತ್ತಿನ ಆಯದ ಕಪಾಟು

ಆಗ ನಾವು ಮುಂಬಯಿ ಸರಕಾರ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಊರಿನ ಗಂಡಸರು ಕಟ್ಟೆಯ ಮೇಲೆ ಕೂತು ಅದನ್ನೇ ಮಾತಾಡುತ್ತಿದ್ದರು. ಯಾವ ಸರಕಾರ ಬಂದರೂ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸೀರೆ ಬದಲಿಸಲು ಜಾಗವಿರಲಿಲ್ಲ. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬನವಾಸಿಯಲ್ಲಿ ನಮ್ಮದು ಗದ್ದೆಯ ಜೊತೆಗೆ ಬೆಲ್ಲದ ವ್ಯಾಪಾರವೂ ಇದ್ದ ಕೂಡುಮನೆ. ಪಡಸಾಲೆಯಲ್ಲಿ ಬೆಲ್ಲದ ಪೆಂಟೆಗಳು, ಅವುಗಳ ಪಕ್ಕದಲ್ಲೇ ಹಾನಗಲ್ಲ ಕಡೆಯಿಂದ ಬಂದು ಮಲಗಿದ ವ್ಯಾಪಾರಸ್ಥರು. ನಡುಮನೆಯಲ್ಲಿ ಅಜ್ಜ, ಕಾಕಂದಿರು. ಅಡಿಗೆಮನೆಗೆ ಬಾಗಿಲೇ ಇಲ್ಲ. ನಮ್ಮ ಬಟ್ಟೆಯೆಲ್ಲ ನಡುಮನೆಯಲ್ಲಿ ಅಡ್ಡ ಕಟ್ಟಿದ ಗಳದ ಮೇಲೆ, ಎಲ್ಲರ ಕಣ್ಣೆದುರು. ಮಡಿಕೆ ಬಿಚ್ಚಿದರೆ ಬೆಲ್ಲದ ವಾಸನೆ, ಅದರ ಹಿಂದೆ ಇರುವೆ. ಬಚ್ಚಲಲ್ಲಿ ಉಟ್ಟುಕೊಂಡರೆ ಒಣ ಸೀರೆಯೂ ಒದ್ದೆ. ಅದಕ್ಕೇ ಅಕ್ಕ ಗೌರವ್ವ ಕೊಟ್ಟಿಗೆಗೆ ಹೋಗುತ್ತಿದ್ದಳು, ನಾನು ಬಾಗಿಲಲ್ಲಿ ಕಾವಲು.

ಒಂದು ದಿನ ಹಿತ್ತಲ ಕಡೆಯ ಬಾಗಿಲಿನಿಂದ ವ್ಯಾಪಾರಸ್ಥನೊಬ್ಬ ಎತ್ತು ಕಟ್ಟಲು ಒಳಗೆ ಬಂದುಬಿಟ್ಟ. ಅಕ್ಕ ಅರ್ಧ ಉಟ್ಟಿದ್ದಳು, ಎಮ್ಮೆಯ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಅವನು ಪಾಪ, ಎತ್ತನ್ನೂ ಅಲ್ಲೇ ಬಿಟ್ಟು ಓಡಿದ. ಅಂದಿನಿಂದ ಅಕ್ಕ ಕೊಟ್ಟಿಗೆಗೂ ಹೋಗಲಿಲ್ಲ. ಒದ್ದೆ ಸೀರೆಯನ್ನು ಮೈಮೇಲೇ ಆರಿಸಿಕೊಳ್ಳುತ್ತ ಕೆಮ್ಮು ಹಿಡಿಸಿಕೊಂಡಳು.

ಅವ್ವ ಅಪ್ಪನಿಗೆ ಹೇಳಿದಳು, "ನಡುಮನ್ಯಾಗ ಒಂದು ಅಡ್ಡಗೋಡಿ ಹಾಕಸ್ರಿ."

"ಅಣ್ಣತಮ್ಮರು ಬ್ಯಾರೆ ಆದ್ರೇನು ಅಂತ ಮಂದಿ ಕೇಳ್ತಾರ," ಎಂದ ಅಪ್ಪ. ಅದು ನಿಜವೇ. ನಮ್ಮ ಕಡೆ ಕೂಡುಮನೆಯೊಳಗೆ ಹೊಸ ಗೋಡೆ ಎದ್ದರೆ ಪಾಲಾಯಿತು ಎಂದೇ ಲೆಕ್ಕ. "ಬಟ್ಟಿ ಇಡಾಕ ಒಂದು ಕಪಾಟು ಮಾಡಸ್ತೇನಿ, ತಗೊ."

"ಕಪಾಟಿನೊಳಗ ನಿಂತು ಉಟ್ಕೊಳ್ಳೇನು?" ಎಂದು ಅಕ್ಕ ನನ್ನ ಮೇಲೆ ರೇಗಿದಳು. ಅಪ್ಪನಿಗೆ ಹೇಳುವ ಧೈರ್ಯ ಇರಲಿಲ್ಲ.

ಗಾಳಿಗೆ ಬಿದ್ದ ಹಲಸಿನ ಮರ ಕೊಯ್ಯಿಸಿ ಒಣಗಿಸಿ ಇಟ್ಟಿದ್ದರು. ಬಡಿಗೇರ ಕಾಳಪ್ಪ ಬಂದು ಅಂಗಳದಲ್ಲಿ ಕೆಲಸ ಹೂಡಿದ. ಅವನು ಹಲಗೆ ಉಜ್ಜಿದಾಗ ಹಳದಿ ಸುರುಳಿಗಳು ಬೀಳುತ್ತಿದ್ದವು. ನಾವು ಹುಡುಗಿಯರು ಅವನ್ನೇ ಬಳೆ, ಜುಮುಕಿ ಮಾಡಿಕೊಂಡು ಮದುವೆಯ ಆಟ ಆಡಿದೆವು. ಕೈಗೆ ಹಸಿ ಅರಿಶಿಣದಂಥ ವಾಸನೆ ಹತ್ತುತ್ತಿತ್ತು.

ಸಿರ್ಸಿಯ ಯಾವನೋ ಸಾಹುಕಾರನ ಮನೆಯಲ್ಲಿ ಕಂಡ ಹಾಗೆ ಬಾಗಿಲ ಮೇಲೆ ಜೋಡಿ ನವಿಲು ಬೇಕೆಂದು ಅಪ್ಪನ ಆಸೆ.

"ಪುಕ್ಕದ ಸಂದ್ಯಾಗಿನ ಧೂಳ ನೀವು ಒರಸ್ತೀರೇನು?" ಎಂದಳು ಅವ್ವ. "ಕಟಗಿಗೆ ತನ್ನವ ಗೆರಿ ಅದಾವಲ್ಲ, ಅಷ್ಟ ಸಾಕು."

ಹಾಗೇ ಆಯಿತು. ಬಾಗಿಲು ಬೋಳು. ಗಾಳಿಗೆ ಗದ್ದೆಯ ನೀರು ನಡುಗಿದಂತೆ ಮರದ ಗೆರೆಗಳು. ಹಿಡಿಕೆ ಹುಣಸೆಕಾಯಿಯಂತೆ ಬಾಗಿದ್ದು. ಮಳೆಗಾಲದಲ್ಲಿ ಬಟ್ಟೆಗೆ ಬೂಸಲು ಬರಬಾರದೆಂದು ಕೆಳಗೆ ಎಲೆಯಾಕಾರದ ಕಂಡಿಗಳು. ಅಷ್ಟೇ ಅಲಂಕಾರ.

ನಡುಮನೆಯಲ್ಲಿ ಮುಚ್ಚಿಸಿದ ಹಳೆಯ ಬಾಗಿಲೊಂದರ ಜಾಗ ಗೂಡಿನ ಹಾಗೆ ಉಳಿದಿತ್ತು. ಕಪಾಟು ಅದರಲ್ಲಿ ಕೂರಬೇಕೆಂದು ಅಪ್ಪನೇ ಅಳತೆ ಕೊಟ್ಟಿದ್ದ. ಇದೆಲ್ಲಕ್ಕೂ ಮುಂಚೆ, ಹಲಗೆ ಕತ್ತರಿಸುವ ಮೊದಲೇ, ಅವ್ವ ತಲೆಮೇಲಿನ ಸೆರಗು ಸರಿಮಾಡಿಕೊಂಡು, "ಕಾಳಪ್ಪಣ್ಣ, ಆಯ ನೋಡೀರೇನು?" ಎಂದು ಕೇಳಿದಳು.

ಬಾಗಿಲು, ಮಂಚ ಏನೇ ಮಾಡಿಸಿದರೂ ಆಯ ನೋಡುವುದು ರೂಢಿ. ಉದ್ದ ಅಗಲ ಲೆಕ್ಕ ಹಾಕಿದರೆ ಕೊನೆಗೊಂದು ಪ್ರಾಣಿ ಬರುತ್ತದೆ. ಆನೆ, ಸಿಂಹ, ಎತ್ತು ಬಂದರೆ ಒಳ್ಳೆಯದು. ನಾಯಿ, ಕತ್ತೆ ಬಂದರೆ ಕೆಟ್ಟದ್ದು. ಕಾಳಪ್ಪ ಬೆರಳು ಮಡಚಿ ಎಣಿಸಿದ.

"ಸಾವ್ಕಾರ್ರ, ಕತ್ತಿ ಬಂತ್ರಿ."

ಸಣ್ಣ ಕಾಕಾ ನಕ್ಕುಬಿಟ್ಟ. "ಅಣ್ಣನ ಧೋತರಕ್ಕ ಕತ್ತಿ ಕಾವಲು!"

ಅಪ್ಪನ ಮುಖ ಕೆಂಪಾಯಿತು. "ಎತ್ತಿನ ಆಯ ತಾ. ಬಸವಣ್ಣ ಬರಲಿ."

"ಅಗಲ ನಾಕ್ ಬೆರಳು ಹೆಚ್ಚಾಗತೈತ್ರಿ."

"ಆಗಲಿ, ಹೆಚ್ಚಸು."

ಬಸವಣ್ಣ ಬಂದ ಖುಷಿಯಲ್ಲಿ ಅಪ್ಪ ಗೂಡನ್ನು ಮರೆತ. ಕಪಾಟು ಮುಗಿದು ಕಾಕಂದಿರು ಹೊತ್ತು ತಂದಾಗ ಅದು ಗೂಡಿನೊಳಗೆ ಹೋಗಲಿಲ್ಲ. ನೂಕಿದರು, ವಾರೆ ಮಾಡಿದರು, ಬೈದರು. ಗೋಡೆ ಕೆತ್ತೋಣ ಎಂದರೆ ಅಜ್ಜ, "ಮಣ್ಣಿನ ಗ್ವಾಡಿ, ನನ್ನ ತಲಿಮ್ಯಾಲೆ ಬೀಳತೈತಿ," ಎಂದು ಕೋಲು ಎತ್ತಿದ. ಕಪಾಟು ಕೆತ್ತೋಣ ಎಂದರೆ ಕಾಳಪ್ಪ, "ಮತ್ತ ಕತ್ತೀನ ಬರತೈತ್ರಿ," ಎಂದ.

ಆಗ ಅಡಿಗೆಮನೆಯಿಂದ ಅವ್ವನ ದನಿ ಬಂತು. "ಸದ್ಯಕ್ಕ ಆ ಮೂಲ್ಯಾಗ ಅಡ್ಡ ನಿಲ್ಲಸ್ರಿ. ಗ್ವಾಡಿಗೆ ತಾಗಸಬ್ಯಾಡ್ರಿ, ಗೆದ್ದಲ ಹತ್ತತೈತಿ."

ದಣಿದಿದ್ದ ಗಂಡಸರು ಹಾಗೇ ನಿಲ್ಲಿಸಿ ಹೊರಗೆ ಹೋದರು.

ಅಕ್ಕನೂ ನಾನೂ ಕಪಾಟಿನ ಹಿಂದೆ ಹೋಗಿ ನೋಡಿದೆವು. ಗೋಡೆಗೆ ಮುಖ ಮಾಡುವ ಬೆನ್ನನ್ನು ಯಾವ ಬಡಿಗನೂ ಉಜ್ಜುವುದಿಲ್ಲ. ಇದರ ಬೆನ್ನು ಮುಂಬಾಗಿಲಿನಷ್ಟೇ ನುಣುಪಾಗಿತ್ತು. ಸೀರೆ ತೂಗುಹಾಕಲು ಎರಡು ಗೂಟಗಳೂ ಇದ್ದವು. ಅಕ್ಕ ನನ್ನ ಮುಖ ನೋಡಿದಳು. ಒಳಗೆ ಅವ್ವ ರೊಟ್ಟಿ ತಟ್ಟುತ್ತಲೇ ಇದ್ದಳು.

ಅಂದು ಅಕ್ಕ ಅಲ್ಲಿ ನಿಂತು ಒಣ ಸೀರೆ ಉಟ್ಟಳು. ಅವಸರವಿಲ್ಲದೆ ಒಂದೊಂದೇ ನಿರಿಗೆ ಹಿಡಿದಳು, ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಹಿಡಿದಳು. ನಾನು ಕಾವಲು ನಿಲ್ಲಲಿಲ್ಲ, ಆಡಲು ಹೋದೆ. ಕೆಲ ದಿನಗಳಲ್ಲಿ ಕೆಮ್ಮೂ ಬಿಟ್ಟಿತು.

"ಬೇಕಂತಲೇ ಮಾಡಿದಿ ಹೌದಿಲ್ಲೋ?" ಎಂದು ಅವ್ವನನ್ನು ಕೇಳಿದೆ.

"ಆಯ ಬರಬೇಕಲ್ಲ ಮತ್ತ," ಎಂದಳು.

ನಾವಿಬ್ಬರೂ ಮದುವೆಯಾಗಿ ಹೋಗುವವರೆಗೂ ಕಪಾಟು 'ಸದ್ಯಕ್ಕ' ಅಲ್ಲೇ ಇತ್ತು.

ಈಗ ನನ್ನ ಮೊಮ್ಮಗಳು ಸಿರ್ಸಿಯಲ್ಲಿ ಮನೆ ಕಟ್ಟಿಸಿ, ಗೋಡೆಗೇ ಅಂಟಿದ ಕಪಾಟು ಮಾಡಿಸಿದ್ದಾಳೆ. ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ. ಯಾವ ಹುಡುಗಿಯೂ ಎಮ್ಮೆಯ ಹಿಂದೆ ಕೂರಬೇಕಾಗಿಲ್ಲ. ಒಳ್ಳೆಯದೇ ಆಯಿತು, ಹಳೆಯದಕ್ಕೆ ನಾನು ಅಳುವವಳಲ್ಲ. ಆದರೆ ಆ ಕಪಾಟಿನ ಹಿಂದಿನ ಸಂದಿಯಲ್ಲಿ ಅವ್ವ, ಅಕ್ಕ, ಕಾಕಿ ಒತ್ತಿಕೊಂಡು ನಿಂತು ಒಬ್ಬರ ನಿರಿಗೆ ಒಬ್ಬರು ಹಿಡಿಯುತ್ತಿದ್ದರು. ಗಂಡಸರ ಕಿವಿಗೆ ಬೀಳಬಾರದ ಮಾತೆಲ್ಲ ಅಲ್ಲೇ ಆಗುತ್ತಿತ್ತು. ನನಗೆ ತಿಳಿದದ್ದೆಲ್ಲ ಅಲ್ಲಿ ಕೇಳಿ ತಿಳಿದದ್ದು. ಮೊನ್ನೆ ಮೊಮ್ಮಗಳು ಚಿಲಕ ತೆಗೆದು, "ಅಜ್ಜಿ, ನಿರಿಗೆ ಹಿಡಿ," ಎಂದು ಕರೆದಳು. ಹೋಗಿ ಹಿಡಿದೆ. ಕೋಣೆ ದೊಡ್ಡದು. ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ.