ಸೊಟ್ಟಕ್ಕನ ಎಡಗಾಲಿನ ಚಪ್ಪಲಿ

ಭೂಮಿ ನೆಟ್ಟಗೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿಕೊಂಡಿರುವುದಕ್ಕೆ ಪಂಡಿತರು ಏನೇನೋ ಕಾರಣ ಕೊಡುತ್ತಾರೆ. ಮುಖದ ಕ್ರೀಮು ತಯಾರಿಸುವ ಆ ಕಾರ್ಖಾನೆಯವರನ್ನು ಕೇಳಿದರೆ, ಸೊಟ್ಟಕ್ಕ ಹುಟ್ಟುವಾಗ ಒಮ್ಮೆ ಕಾಲು ಝಾಡಿಸಿದಳು, ಅಷ್ಟೇ ಎನ್ನುತ್ತಾರೆ. ಅಲ್ಲಿನ ಪ್ರಯೋಗಾಲಯಕ್ಕೆ ಹೋಗುವವರೆಲ್ಲ ತಮ್ಮ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಿಳಿ ರಬ್ಬರಿನದನ್ನು ಮೆಟ್ಟಬೇಕು. ಹೊರಗೆ ಚಪ್ಪಲಿಗಳು ಕವಾಯತಿಗೆ ನಿಂತ ಸೈನ್ಯದ ಹಾಗೆ ಸಾಲಾಗಿ ನಿಂತಿರುತ್ತವೆ. ಒಂದು ಮಾತ್ರ, ಸೊಟ್ಟಕ್ಕನ ಎಡಗಾಲಿನದು, ದಂಗೆಯೆದ್ದು ಅಡ್ಡಡ್ಡ ಬಿದ್ದಿರುತ್ತದೆ. ಕಾವಲುಗಾರ ನೆಟ್ಟಗೆ ಮಾಡಿದರೆ ಅವಳು ಬಂದು ಮತ್ತೆ ಒದೆಯುತ್ತಾಳೆ. ಆ ಚಪ್ಪಲಿ ನೇರವಾದ ದಿನ ಕಾರ್ಖಾನೆಗೆ ಬೀಗ ಬೀಳುತ್ತದೆ ಎಂದು ಹಳಬರು ಹೊಸಬರನ್ನು ಹೆದರಿಸುತ್ತಿದ್ದರು.

ಸೊಟ್ಟಕ್ಕ ಅಲ್ಲಿನ ಹಿರಿಯ ವಿಜ್ಞಾನಿ. ಬಿಸಿಲು, ಹೊಗೆಗಳಿಂದ ಚರ್ಮ ಕೆಡದಂತೆ ಕಾಯುವ ಆಂಟಿಆಕ್ಸಿಡೆಂಟ್ ಎಂಬ ವಸ್ತುವಿದೆಯಲ್ಲ, ಅದು ಬಲು ನಾಜೂಕಿನ ಪ್ರಾಣಿ. ಗಾಳಿ ತಾಕಿದರೆ ಕಂದುತ್ತದೆ, ಚರ್ಮದ ಒಳಗಂತೂ ತಾನಾಗಿ ಇಳಿಯುವುದಿಲ್ಲ. ಅದಕ್ಕೆ ಅವಳು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಪಲ್ಲಕ್ಕಿಗಳನ್ನು ಮಾಡಿ, ಅದನ್ನು ಒಳಗೆ ಕೂರಿಸಿ ಕಳಿಸುತ್ತಿದ್ದಳು. ಗುಟ್ಟಿದ್ದದ್ದು ಕೊಬ್ಬಿನಲ್ಲಿ. ಗಟ್ಟಿ ಕೊಬ್ಬೊಂದನ್ನೇ ಹಾಕಿದರೆ ದಿನ ಕಳೆದಂತೆ ಅದರ ಕಣಗಳು ಒತ್ತೊತ್ತಾಗಿ ಸಾಲುಗಟ್ಟಿ, ಒಳಗೆ ಕೂತವನನ್ನು ಕತ್ತು ಹಿಡಿದು ಹೊರದಬ್ಬುತ್ತವೆ. ಒಂದಿಷ್ಟು ತೆಳ್ಳನೆಯ ಎಣ್ಣೆ ಬೆರೆಸಿದರೆ ಸಾಲು ಕೆಡುತ್ತದೆ, ಸಂದುಗೊಂದಿ ಉಳಿಯುತ್ತದೆ, ಕೂತವನು ಹಾಯಾಗಿ ಕೂತಿರುತ್ತಾನೆ.

ತಮ್ಮನ ಆಪರೇಷನ್ನಿಗೆಂದು ಅವಳು ರಜೆ ಹಾಕಿದ್ದೇ ತಡ, ಮ್ಯಾನೇಜರು ಆ ಎಣ್ಣೆಯನ್ನು ಕಿತ್ತುಹಾಕಿದರು. ಮೇಜಿನ ಮೇಲೆ ಪೆನ್ನುಗಳನ್ನು ಅಳೆದು ಜೋಡಿಸುವ ಆ ಮಹಾನುಭಾವರಿಗೆ ಎಲ್ಲರೂ ಬೆನ್ನ ಹಿಂದೆ ‘ಸ್ಕೇಲು’ ಎನ್ನುತ್ತಿದ್ದರು. ಎರಡೆರಡು ಬಗೆಯ ಕೊಬ್ಬು ಅವರ ಕಣ್ಣಿಗೆ ಕಲಬೆರಕೆಯಾಗಿ ಕಂಡಿತ್ತು. ‘ಅಪ್ಪಟ, ಒಂದೇ ಕೊಬ್ಬು’ ಎಂದು ಚೀಟಿಯನ್ನೂ ಅಚ್ಚು ಹಾಕಿಸಿ, ಹಂಡೆಗಟ್ಟಲೆ ಕ್ರೀಮು ಕಾಯಿಸಿ, ಡಬ್ಬಿಗೆ ತುಂಬಿಸಿದ್ದರು. ಬಾಕಿಯಿದ್ದದ್ದು ಸೊಟ್ಟಕ್ಕನ ಸಹಿಯೊಂದೇ. ಅದು ಬಿದ್ದರೆ ಮಾಲು ಅಂಗಡಿಗೆ, ಅಂಗಡಿಯಿಂದ ಊರಿನ ಮುಖಗಳಿಗೆ.

ರಜೆ ಮುಗಿಸಿ ಬಂದ ಸೊಟ್ಟಕ್ಕ ಕೆಂಡವಾದಳು. ಸ್ಕೇಲು ಮಾತ್ರ ಡಬ್ಬಿ ತೆರೆದು, ನೋಡಿ ಹಾಲಿನ ಹಾಗಿದೆ, ನಿಮ್ಮದು ಬರೀ ಹೊಟ್ಟೆಕಿಚ್ಚು ಎಂದರು. ಸಹಿ ಹಾಕದಿದ್ದರೆ ಚೀಟಿ ಅಂಟಿಸುವ ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಿದೆ ಎಂದೂ ಸೇರಿಸಿದರು.

ಆ ಸಂಜೆ ಅವಳ ಮನೆಯ ಪಾತ್ರೆಗಳು ಪಟ್ಟ ಪಾಡನ್ನು ಪಾತ್ರೆಗಳೇ ಹೇಳಬೇಕು. ಗಂಡ ಪತ್ರಿಕೆಯ ಹಿಂದೆ ಅಡಗಿ, ಜಾಹೀರಾತುಗಳನ್ನೂ ಬಿಡದೆ ಓದಿದ. ಕೊನೆಗೆ ಅತ್ತೆಯೇ ಅಡುಗೆಮನೆಗೆ ಬಂದರು.

“ಆ ಬಾಣಲೆ ಏನು ಮಾಡ್ತಮ್ಮಾ ನಿಂಗೆ?”

“ನಾನು ಮಾಡಿದ್ದನ್ನ ಹಾಳು ಮಾಡಿ, ನಂದೇ ಸಹಿ ಕೇಳ್ತಾನೆ ಅತ್ತೆ.”

“ಹಾಗಾದ್ರೆ ಬಾಣಲೆ ಬಿಡು. ಅವನನ್ನ ಹಿಡ್ಕೊಂಡು ಉಜ್ಜು.”

ಮರುದಿನದಿಂದ ಸೊಟ್ಟಕ್ಕ ಉಜ್ಜಲು ಕುಳಿತಳು. ಕ್ರೀಮಿನವರಲ್ಲಿ ಒಂದು ಪರೀಕ್ಷೆಯಿದೆ: ಡಬ್ಬಿಯನ್ನು ಒಂದು ದಿನ ಬಿಸಿ ಪೆಟ್ಟಿಗೆಯಲ್ಲಿ, ಒಂದು ದಿನ ತಣ್ಣನೆಯದರಲ್ಲಿ ಇಟ್ಟು ಗೋಳುಹೊಯ್ದುಕೊಳ್ಳುವುದು. ತಿಂಗಳುಗಳ ಮೇಲೆ ಬರುವ ಕೇಡು ಬೇಗನೆ ಬಂದು ಹಾಜರಿ ಹಾಕುತ್ತದೆ. ತನ್ನ ಹಳೆಯ ಕ್ರೀಮಿನ ಒಂದು ಡಬ್ಬಿಯನ್ನೂ ಸ್ಕೇಲಿನ ಒಂದು ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟಳು. ಸ್ಕೇಲು ದಿನಾ ಬಂದು ಸಹಿ ಎನ್ನುವರು. ಅವಳು ದಿನಾ ಹಲ್ಲು ಕಡಿಯುವಳು. ವಾರ ಮುಗಿಯುವ ಹೊತ್ತಿಗೆ ಅವಳದು ಬಿಳಿಯಾಗಿಯೇ ಇತ್ತು. ಅಪ್ಪಟದ್ದು ಕುದ್ದು ಹಳಸಿದ ಚಹಾದ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮರಳು ಮರಳಾಗಿತ್ತು.

ಎರಡನ್ನೂ ಎತ್ತಿಕೊಂಡು ಅವಳು ನೆಟ್ಟಗೆ ಕಾರ್ಖಾನೆಯ ಒಡತಿಯ ಕೋಣೆಗೆ ನುಗ್ಗಿದಳು. ಎಲ್ಲರ ಬಾಯಲ್ಲೂ ದೊಡ್ಡಮ್ಮ ಆಗಿದ್ದ ಆ ಮುದುಕಿಯ ಎದುರು ಸ್ಕೇಲು ಆಗಲೇ ಕೂತಿದ್ದರು. ಡಬ್ಬಿ ನೋಡಿ ಅವರೇನೂ ಬೆದರಲಿಲ್ಲ. ಕಂದುವಷ್ಟರಲ್ಲಿ ಜನ ಕ್ರೀಮು ಬಳಸಿ ಮುಗಿಸಿರುತ್ತಾರೆ, ಬೇಕಾದರೆ ‘ಬೇಗ ಬಳಸಿ’ ಎಂದು ಬರೆಸಿದರಾಯಿತು ಎಂದರು.

ಇಷ್ಟು ದಿನ ಹಲ್ಲಿನ ಸಂದಿಯಲ್ಲಿ ತಡೆದಿಟ್ಟಿದ್ದ ಸಿಟ್ಟು ಆಗ ಹೊರಬಿತ್ತು. ಸೊಟ್ಟಕ್ಕ ಕಂದು ಕ್ರೀಮನ್ನು ಮೂರು ಬೆರಳು ತುಂಬ ತೋಡಿಕೊಂಡಳು.

“ಬೇಗಾನೇ ಬಳಸೋಣ ಸರ್. ಮುಖ ಕೊಡಿ.”

ಸ್ಕೇಲು ಕುರ್ಚಿಯ ಸಮೇತ ಹಿಂದಕ್ಕೆ ಸರಿದರು. ಬೆರಳು ಮುಂದೆ ಬಂತು. ಕುರ್ಚಿ ಇನ್ನಷ್ಟು ಸರಿದು ಗೋಡೆಗೆ ಬಡಿಯಿತು. ಮೇಣದಬತ್ತಿಯ ಹಾಗೆ ನೇರವಾಗಿದ್ದ ಮನುಷ್ಯ ಮೊದಲ ಬಾರಿಗೆ ಸೊಟ್ಟಗಾಗಿ, ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದರು.

“ನಿನ್ನ ಮುಖಕ್ಕೆ ಆಗದ್ದು ಊರವರ ಮುಖಕ್ಕೆ ಆಗುತ್ತೇನಪ್ಪಾ?” ಎಂದರು ದೊಡ್ಡಮ್ಮ.

ಸಹಿ ಬೀಳಲಿಲ್ಲ. ಒಂದು ಡಬ್ಬಿಯೂ ಗೇಟು ದಾಟಲಿಲ್ಲ. ಮರುದಿನದಿಂದ ಎಣ್ಣೆ ಹಂಡೆಗೆ ಮರಳಿತು, ಚೀಟಿಗಳು ರದ್ದಿಗೆ ಹೋದವು.

ಸಂಜೆ ದೊಡ್ಡಮ್ಮ ಪ್ರಯೋಗಾಲಯದ ಬಾಗಿಲವರೆಗೆ ಬಂದವರು ಅಡ್ಡ ಬಿದ್ದಿದ್ದ ಚಪ್ಪಲಿ ಕಂಡು ನಿಂತುಬಿಟ್ಟರು. ಅವರ ಕಣ್ಣು ತುಂಬಿ ಬಂತು.

“ಈಗ ಅರ್ಥವಾಯ್ತು ನೋಡು. ಸಾಲು ತೀರಾ ನೇರವಾದ್ರೆ ಯಾರಿಗೂ ಜಾಗ ಇರಲ್ಲ ಅಂತ ಇಷ್ಟು ವರ್ಷದಿಂದ ನಮಗೆ ಹೇಳಿಕೊಡ್ತಿದ್ದೀಯ ನೀನು.”

ಸೊಟ್ಟಕ್ಕನಿಗೆ ಇನ್ನೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಚಪ್ಪಲಿಯನ್ನು ಕಾಲಿನಿಂದಲೇ ಎಳೆದುಕೊಂಡು ಮೆಟ್ಟಿದಳು.

“ಇಲ್ಲ ದೊಡ್ಡಮ್ಮ. ಎಲ್ಲಾರ್ದೂ ಕಪ್ಪು. ಅಡ್ಡ ಇಟ್ರೆ ನಂದು ಬೇಗ ಸಿಗುತ್ತೆ.”